ಬ್ರಾಡ್‌ಮೂರ್ ಆಸ್ಪತ್ರೆಯೊಳಗೆ ಜಿಮ್ಮು, ಆಟದ ಜಾಗ: ನಮ್ಮ ತೆರಿಗೆ ದುಡ್ಡು ಇದಕ್ಕೆ ಹೋಗಬೇಕಾ?

ಬ್ರಾಕ್ನೆಲ್‌ವಾಸಿ

ರೀಡಿಂಗ್, ವೋಕಿಂಗ್‌ಹ್ಯಾಮ್, ಬ್ರಾಕ್ನೆಲ್ ಕಡೆ ಇರುವ ಕನ್ನಡಿಗರಿಗೆ ಕ್ರೌಥಾರ್ನ್ ಹೊಸದೇನಲ್ಲ. ಬ್ರಾಡ್‌ಮೂರ್ ಆಸ್ಪತ್ರೆ ಇರುವುದು ಅಲ್ಲೇ. ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಭದ್ರತೆಯ ಮಾನಸಿಕ ಆಸ್ಪತ್ರೆಗಳು ಮೂರೇ ಮೂರು. ಇದೊಂದು, ನಾಟಿಂಗ್‌ಹ್ಯಾಮ್‌ಷೈರ್‌ನ ರಾಂಪ್ಟನ್ ಇನ್ನೊಂದು, ಲಿವರ್‌ಪೂಲ್ ಹತ್ತಿರದ ಆಶ್‌ವರ್ತ್ ಮತ್ತೊಂದು. ಇಲ್ಲಿಗೆ ಬಂದು ಹತ್ತಾರು ವರ್ಷ ಆದವರಿಗೆ ಸೋಮವಾರ ಬೆಳಿಗ್ಗೆ 10 ಗಂಟೆಗೆ ಕೂಗುತ್ತಿದ್ದ ಸೈರನ್ ನೆನಪಿರಬಹುದು. 1952ರಲ್ಲಿ ಒಬ್ಬ ರೋಗಿ ಗೋಡೆ ಹಾರಿ ಹೋಗಿ, ಕೆಲವೇ ಗಂಟೆಗಳಲ್ಲಿ ಒಂದು ಪುಟ್ಟ ಹುಡುಗಿಯನ್ನು ಕೊಂದ. ಆಮೇಲೆ ಹಾಕಿದ ಸೈರನ್ ಅದು. ಈಗ ಅದನ್ನು ನಿಲ್ಲಿಸಿದ್ದಾರೆ.

ವಿಷಯಕ್ಕೆ ಬರುತ್ತೇನೆ. 2019ರಲ್ಲಿ ಅಲ್ಲಿ ಹೊಸ ಆಸ್ಪತ್ರೆ ಶುರುವಾಯಿತು. ಸುಮಾರು 25 ಕೋಟಿ ಪೌಂಡ್ ಖರ್ಚು. ಒಳಗೆ ಜಿಮ್ ಇದೆ, ಆಡುವುದಕ್ಕೆ ಜಾಗ ಇದೆ, ತೋಟದ ಕೆಲಸ, ಕಲೆ, ಸಂಗೀತ ಎಲ್ಲ ಇದೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಈ ಮಾತು ಬಂದರೆ ಜಗಳವೇ ಆಗುತ್ತದೆ. ಕೊಲೆ ಮಾಡಿದವನಿಗೆ ಜಿಮ್ಮು, ಕೌನ್ಸಿಲ್ ಈಜುಕೊಳಕ್ಕೆ ಬೀಗ, ಇದು ಯಾವ ನ್ಯಾಯ ಅನ್ನುವವರು ಒಂದು ಕಡೆ. ಅವರು ರೋಗಿಗಳು ಕಣಪ್ಪಾ ಅನ್ನುವವರು ಇನ್ನೊಂದು ಕಡೆ.

ನಮ್ಮವರಲ್ಲಿ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಕೆಲಸ ಮಾಡುವವರು ಜಾಸ್ತಿ ಇದ್ದೀರಿ. ಗೊತ್ತಿದ್ದವರು ಹೇಳಿ. ಮಾನವೀಯತೆ ಅಂತ ಸುಮ್ನೆ ಭಾಷಣ ಬೇಡ. ದುಡ್ಡಿನ ಲೆಕ್ಕದಲ್ಲಿ ಮಾತಾಡೋಣ.

ಪೇಸ್ಲಿಪ್ ನೋಡಿ ಅಳುವವ

ಬೇಡ. ಇದು ನನ್ನ ಉತ್ತರ.

ಅಲ್ಲಿ ಒಬ್ಬ ರೋಗಿಗೆ ವರ್ಷಕ್ಕೆ ಸುಮಾರು 3 ಲಕ್ಷ ಪೌಂಡ್ ಖರ್ಚಾಗುತ್ತದೆ ಅಂತ ಪತ್ರಿಕೆಗಳು ಎಷ್ಟೋ ವರ್ಷದಿಂದ ಬರೆಯುತ್ತಿವೆ. ಜೈಲಿನಲ್ಲಿ ಒಬ್ಬನನ್ನು ಇಡುವ ಖರ್ಚಿನ ಹಲವು ಪಟ್ಟು ಅದು. ನಮ್ಮ ಅತ್ತೆಯವರು ಮಂಡಿ ಆಪರೇಷನ್‌ಗೆ ಕಾಯುತ್ತಾ ಕೂತಿದ್ದಾರೆ, ಮೆಟ್ಟಿಲು ಹತ್ತುವುದಕ್ಕೆ ಆಗುವುದಿಲ್ಲ. ಅವರು ಯಾರನ್ನೂ ಕೊಂದಿಲ್ಲ. ಅವರಿಗೆ ಫಿಸಿಯೋಥೆರಪಿ ಅಂತ ಸಿಕ್ಕಿದ್ದು ಒಂದು ಕಾಗದ. ಅದರಲ್ಲಿ ವ್ಯಾಯಾಮದ ಚಿತ್ರಗಳು.

ಇರುವುದು ಒಂದೇ ಗಂಟು. ಅದರಲ್ಲಿ ಯಾರಿಗೆ ಮೊದಲು ಅಂತ ಕೇಳುವುದು ತಪ್ಪಾ?

ರಾತ್ರಿಪಾಳಿ ನರ್ಸಮ್ಮ

ತಪ್ಪೇನಲ್ಲ, ಕೇಳಲೇಬೇಕು. ನಾನು ಬ್ರಾಡ್‌ಮೂರ್‌ನಲ್ಲಿ ಕೆಲಸ ಮಾಡಿಲ್ಲ. ಅದಕ್ಕಿಂತ ಒಂದು ಹಂತ ಕೆಳಗಿನ, ಮಧ್ಯಮ ಭದ್ರತೆಯ ವಾರ್ಡಿನಲ್ಲಿ ವರ್ಷಗಟ್ಟಲೆ ಇದ್ದೇನೆ. ಎಲ್ಲಿ ಅಂತ ಹೇಳುವುದಿಲ್ಲ. ಬ್ರಾಡ್‌ಮೂರ್‌ನಿಂದ ಹೊರಬರುವವರಲ್ಲಿ ಬಹಳ ಜನ ಮನೆಗೆ ಹೋಗುವುದಿಲ್ಲ, ನಮ್ಮಂಥ ಕಡೆಗೇ ಬರುತ್ತಾರೆ. ಹಾಗಾಗಿ ಅಲ್ಲಿ ಏನು ಮಾಡಿಸಿದ್ದಾರೆ, ಏನು ಮಾಡಿಸಿಲ್ಲ ಅನ್ನುವುದು ನಮಗೆ ಚೆನ್ನಾಗಿ ಗೊತ್ತಾಗುತ್ತದೆ.

ಮೊದಲು ಕಾನೂನು. ಅಲ್ಲಿರುವವರು ಕೈದಿಗಳಲ್ಲ. 1983ರ ಮಾನಸಿಕ ಆರೋಗ್ಯ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ಕೋರ್ಟೇ ಕೆಲವರನ್ನು ಆಸ್ಪತ್ರೆಗೆ ಕಳಿಸುತ್ತದೆ. ಅದರ ಜೊತೆ 41 ಹಾಕಿದರೆ ಡಾಕ್ಟರು ತಾವೇ ಬಿಡುಗಡೆ ಮಾಡುವ ಹಾಗಿಲ್ಲ. ನ್ಯಾಯ ಇಲಾಖೆ ಅಥವಾ ಟ್ರಿಬ್ಯೂನಲ್ ಒಪ್ಪಬೇಕು. ಜೈಲಿನಲ್ಲಿದ್ದಾಗ ಕಾಯಿಲೆ ಜಾಸ್ತಿಯಾಗಿ 47ರ ಅಡಿ ಬಂದವರೂ ಇದ್ದಾರೆ. ಅವರನ್ನು ಬಿಟ್ಟರೆ ಉಳಿದವರಿಗೆ 'ಇಷ್ಟು ವರ್ಷ' ಅಂತ ಲೆಕ್ಕವೇ ಇರುವುದಿಲ್ಲ. ಬಹುಪಾಲು ಕೈದಿಗಳಿಗಾದರೆ ಬಿಡುಗಡೆಯ ತಾರೀಖು ಗೊತ್ತಿರುತ್ತದೆ. ಇವರಿಗೆ ಅದೂ ಇಲ್ಲ.

ಈಗ ದುಡ್ಡು. ಮಧ್ಯಾಹ್ನ ಊಟ ಮುಗಿದ ಮೇಲಿಂದ ರಾತ್ರಿ ಊಟದ ತನಕ ಮಾಡುವುದಕ್ಕೆ ಏನೂ ಇಲ್ಲದ ವಾರ್ಡು ಹೇಗಿರುತ್ತದೆ ಅಂತ ನೋಡಿದವರಿಗೇ ಗೊತ್ತು. ಒಂದೇ ಟಿವಿ, ಒಂದೇ ರಿಮೋಟು, ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆಯುವವರು. ಹೊಡೆದಾಟ ಶುರುವಾಗುವುದು ಈ ಹೊತ್ತಿನಲ್ಲಿ. ವಾರಾಂತ್ಯದಲ್ಲಿ ಇನ್ನೂ ಜಾಸ್ತಿ. ಒಬ್ಬ ಕೈ ಎತ್ತಿದ ಅಂದರೆ ಅವನ ಮೇಲೆ ಕಣ್ಣಿಡುವುದಕ್ಕೆ ಒಬ್ಬರೋ ಇಬ್ಬರೋ ಹೆಚ್ಚಿನ ಸಿಬ್ಬಂದಿ ಬೇಕು. ಹಗಲು ಬೇಕು, ರಾತ್ರಿ ಬೇಕು, ದಿನಗಟ್ಟಲೆ ಬೇಕು. ಅವರನ್ನು ಏಜೆನ್ಸಿಯಿಂದ ತರಿಸುತ್ತೇವೆ. ಪೆಟ್ಟು ತಿಂದ ನರ್ಸ್ ರಜೆ ಮೇಲೆ ಹೋಗುತ್ತಾಳೆ, ಆ ಜಾಗಕ್ಕೂ ಏಜೆನ್ಸಿ. ಈ ಖರ್ಚಿಗೆ ಯಾರೂ 'ಐಷಾರಾಮ' ಅನ್ನುವುದಿಲ್ಲ, ಯಾಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಜಿಮ್ ಕಾಣುತ್ತದೆ.

ಔಷಧದ ಮಾತು ಬೇರೆಯೇ ಇದೆ. ಕ್ಲೋಜಪೀನ್, ಒಲಾಂಜಪೀನ್ ಕೊಟ್ಟರೆ ಕಾಯಿಲೆ ಹತೋಟಿಗೆ ಬರುತ್ತದೆ, ಹೊಟ್ಟೆಯೂ ಬರುತ್ತದೆ. ಹಸಿವು ತಡೆಯುವುದಕ್ಕೆ ಆಗುವುದಿಲ್ಲ ಪಾಪ. ಆಮೇಲೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ. ಇಂಗ್ಲೆಂಡಿನಲ್ಲಿ ತೀವ್ರ ಮಾನಸಿಕ ಕಾಯಿಲೆ ಇರುವವರು ಬೇರೆಯವರಿಗಿಂತ 15ರಿಂದ 20 ವರ್ಷ ಮೊದಲೇ ಸಾಯುತ್ತಾರೆ. ಬಹುಪಾಲು ಇಂಥ ದೇಹದ ಕಾಯಿಲೆಗಳಿಂದಲೇ. ಈ ಮಾತ್ರೆ ತಗೊಳ್ಳುವವರಿಗೆ ಊಟ, ವ್ಯಾಯಾಮ ಎರಡರ ಕಾರ್ಯಕ್ರಮವೂ ಕೊಡಬೇಕು ಅಂತ ಚಿಕಿತ್ಸೆಯ ಮಾರ್ಗಸೂಚಿ ಮಾಡುವ ಸಂಸ್ಥೆ ನೈಸ್ 2014ರಲ್ಲೇ ಹೇಳಿದೆ. ಭದ್ರತೆಯ ವಾರ್ಡಿನಿಂದ ಒಬ್ಬನನ್ನು ಹೊರಗಿನ ಆಸ್ಪತ್ರೆಗೆ ಕಾಲು ತೋರಿಸುವುದಕ್ಕೆ ಕರೆದುಕೊಂಡು ಹೋಗಬೇಕಾದರೆ ಒಂದು ವ್ಯಾನ್, ಜೊತೆಗೆ ಎಸ್ಕಾರ್ಟ್ ಸಿಬ್ಬಂದಿ, ಅರ್ಧ ದಿನ ಬೇಕು. ಟ್ರೆಡ್‌ಮಿಲ್ ಎಷ್ಟು ಅಗ್ಗ ಅಂತ ಆಗ ಗೊತ್ತಾಗುತ್ತದೆ.

ಪೇಸ್ಲಿಪ್ ನೋಡಿ ಅಳುವವ

ಅಕ್ಕಾ, ಒಪ್ಪುತ್ತೇನೆ, ಸುಮ್ಮನೆ ಕೂರಿಸಿದರೆ ಜಗಳ ಆಗುತ್ತದೆ. ಆದರೆ ಅಂಗಳದಲ್ಲಿ ನಡೆಯಲಿ. ದಂಡ, ಬಸ್ಕಿ ಹೊಡೆಯಲಿ. ನಮ್ಮ ಗರಡಿ ಮನೆಗಳಲ್ಲಿ ಇದ್ದದ್ದು ಏನು? ಕೆಂಪು ಮಣ್ಣು, ಗದೆ. ಅದರಲ್ಲೇ ಪೈಲ್ವಾನರಾಗಲಿಲ್ವಾ? ಕೋಟಿಗಟ್ಟಲೆ ಯಾಕೆ ಬೇಕು?

ರಾತ್ರಿಪಾಳಿ ನರ್ಸಮ್ಮ

ಆ ಜಾಗದಲ್ಲಿ ಗದೆ ಕೊಡುತ್ತೀರಾ ಸಾರ್? 😄

ಒಂದು ಮಾತು ಬಿಟ್ಟುಹೋಗಿತ್ತು. ಶಟಲ್ ಆಡಿಸುವುದು ಬರೀ ಮೈ ಬೆವರಿಸುವುದಕ್ಕಲ್ಲ. ಪಾಯಿಂಟ್ ಸೋತಾಗ ಏನು ಮಾಡುತ್ತಾನೆ ಅಂತ ನೋಡುವುದಕ್ಕೆ. ಡಾಕ್ಟರ ಕೋಣೆಯಲ್ಲಿ ಕುಳಿತು 'ನನಗೀಗ ಕೋಪ ಬರುವುದಿಲ್ಲ ಡಾಕ್ಟ್ರೇ' ಅಂತ ಯಾರು ಬೇಕಾದರೂ ಹೇಳಬಹುದು. ಲೈನ್ ಕಾಲ್ ತಪ್ಪಾದಾಗ ರಾಕೆಟ್ ಕೆಳಗಿಟ್ಟು ನೀರು ಕುಡಿಯುವುದಕ್ಕೆ ಹೋದನಾ, ಎದುರಾಳಿಯ ಕಡೆ ನಡೆದನಾ? ಇದನ್ನು ನಾವು ನೋಟ್ಸ್‌ನಲ್ಲಿ ಬರೆಯುತ್ತೇವೆ. ಟ್ರಿಬ್ಯೂನಲ್ ಮುಂದೆ ಹೋಗುವ ವರದಿಗೆ ಇಂಥ ನೂರಾರು ಸಣ್ಣ ಸಣ್ಣ ಟಿಪ್ಪಣಿಗಳೇ ಆಧಾರ. ಕೋಣೆಯಲ್ಲೇ ಕೂಡಿಹಾಕಿದವನು ಅಪಾಯಕಾರಿಯಾ ಅಲ್ವಾ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಮುಂದಕ್ಕೂ ಕಳಿಸುವುದಿಲ್ಲ. ನೀವು ಹೇಳಿದ 3 ಲಕ್ಷದ ಲೆಕ್ಕ ಇನ್ನೊಂದು ವರ್ಷ ಮುಂದುವರಿಯುತ್ತದೆ.

ಹಳೇ ಕಡತ

ಇದೆಲ್ಲ ಈಗಿನ ಕಾಲದ ಮೆತ್ತನೆ ಮನಸ್ಸಿನವರು ತಂದದ್ದು ಅಂತ ಯಾರಾದರೂ ಹೇಳುವ ಮುಂಚೆ ಸ್ವಲ್ಪ ಇತಿಹಾಸ.

ಬ್ರಾಡ್‌ಮೂರ್ ತೆರೆದದ್ದು 1863ರಲ್ಲಿ. ನಕ್ಷೆ ಮಾಡಿದ ಜೋಶುವಾ ಜೆಬ್ ಜೈಲುಗಳ ನಕ್ಷೆ ಮಾಡುತ್ತಿದ್ದ ಸೇನಾ ಎಂಜಿನಿಯರ್. ಅಂಥವನು ಕಟ್ಟಿದ ಜಾಗದಲ್ಲೂ ಮೊದಲಿನಿಂದ ತೋಟ, ಹೊಲ, ಕಸುಬಿನ ಕೋಣೆಗಳು ಇದ್ದವು. ಬ್ಯಾಂಡು, ನಾಟಕ, ಕ್ರಿಕೆಟ್ ಬಂದವು. ವಿಕ್ಟೋರಿಯನ್ ಕಾಲದವರಿಗೆ ಕೊಲೆಗಾರರ ಮೇಲೆ ಪ್ರೀತಿ ಉಕ್ಕಿ ಹರಿಯುತ್ತಿತ್ತು ಅಂತ ಯಾರೂ ಹೇಳಲಾರರು. ಕೆಲಸ, ಆಟ ಕೊಟ್ಟರೆ ಜನ ಸುಮ್ಮನಿರುತ್ತಾರೆ ಅಂತ ಅವರಿಗೆ ಅನುಭವದಿಂದ ಗೊತ್ತಾಗಿತ್ತು.

ಅಪಾಯ ಇರಲಿಲ್ಲ ಅಂತಲ್ಲ. ಮೊದಲ ಮುಖ್ಯಸ್ಥ ಡಾಕ್ಟರ್ ಮೇಯರ್ ಮೇಲೆ 1866ರಲ್ಲಿ ಚಾಪೆಲ್‌ನಲ್ಲೇ ಒಬ್ಬ ರೋಗಿ ಕಲ್ಲಿನಿಂದ ಹಲ್ಲೆ ಮಾಡಿದ. ಎರಡನೆಯವರಾದ ಡಾಕ್ಟರ್ ಆರೆಂಜ್ ಮೇಲೂ 1882ರಲ್ಲಿ ಹಲ್ಲೆಯಾಯಿತು. ಆದರೂ ಯಾರೂ ಬ್ಯಾಂಡು ನಿಲ್ಲಿಸಲಿಲ್ಲ.

ಅಲ್ಲಿದ್ದವರಲ್ಲಿ ಇಬ್ಬರು ಎಲ್ಲರಿಗೂ ಗೊತ್ತು. ರಿಚರ್ಡ್ ಡ್ಯಾಡ್ ಅಪ್ಪನನ್ನೇ ಕೊಂದ ಚಿತ್ರಕಾರ. 1886ರಲ್ಲಿ ಸಾಯುವ ತನಕ ಅಲ್ಲೇ ಚಿತ್ರ ಬಿಡಿಸಿಕೊಂಡಿದ್ದ. ಇನ್ನೊಬ್ಬ ಅಮೆರಿಕದ ಸೇನಾ ವೈದ್ಯ ವಿಲಿಯಂ ಮೈನರ್. 1872ರಲ್ಲಿ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಒಬ್ಬ ಅಮಾಯಕ ಕೂಲಿಯವನಿಗೆ ಗುಂಡು ಹೊಡೆದ. ಬ್ರಾಡ್‌ಮೂರ್‌ನ ಕೋಣೆಯಲ್ಲಿ ಪುಸ್ತಕದ ರಾಶಿ ಇಟ್ಟುಕೊಂಡು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಸಾವಿರಾರು ಉಲ್ಲೇಖ ಹುಡುಕಿ ಕಳಿಸಿದ. ಪೇಸ್ಲಿಪ್ಪಿನವರಿಗೆ ಸಮಾಧಾನ ಆಗಲಿ ಅಂತ ಹೇಳುತ್ತೇನೆ, ಅವನಿಗೆ ಸೇನೆಯ ಪಿಂಚಣಿ ಬರುತ್ತಿತ್ತು. ಪುಸ್ತಕ ತೆರಿಗೆ ದುಡ್ಡಿನದ್ದಲ್ಲ.

ಪೇಸ್ಲಿಪ್ ನೋಡಿ ಅಳುವವ

ಸಮಾಧಾನ ಆಯಿತು ರಾಯರೇ. ಹಾಗಾದರೆ ಈಗಲೂ ಅದೇ ಮಾಡಿ. ಪಿಂಚಣಿ ಇದ್ದವರು ತಮ್ಮ ದುಡ್ಡಲ್ಲಿ ಮಾಡಿಕೊಳ್ಳಲಿ, ಇಲ್ಲದವರಿಗೆ ದಾನಿಗಳು ಕೊಡಲಿ. ಚಾರಿಟಿಗಳಿಗೆ ಈ ದೇಶದಲ್ಲಿ ಬರಗಾಲವಾ?

ಕುಡ್ಲದವ ಲೀಡ್ಸ್‌ನಲ್ಲಿ

ದಾನಿಗಳ ಕೈಗೆ ಕೊಟ್ಟರೆ ಏನಾಗುತ್ತದೆ ಅಂತ ಲೀಡ್ಸ್‌ನಲ್ಲಿ ಇರುವವರನ್ನು ಕೇಳಿ ಮಾರಾಯ್ರೇ.

ಜಿಮ್ಮಿ ಸ್ಯಾವಿಲ್ ನಮ್ಮ ಊರಿನವನೇ. ಟಿವಿಯವನು, ದಾನಶೂರ, ಎಲ್ಲರಿಗೂ ಬೇಕಾದವನು. 1960ರ ದಶಕದ ಕೊನೆಯಿಂದ ಬ್ರಾಡ್‌ಮೂರ್‌ಗೆ ಸ್ವಯಂಸೇವಕನಾಗಿ ಹೋಗುತ್ತಿದ್ದ. ರೋಗಿಗಳಿಗೆ ಮನರಂಜನೆ ಕೊಡಿಸುವವನು, ಹೊರಗಿನ ಕಲಾವಿದರನ್ನು ಕರೆತರುವವನು ಅಂತಲೇ ಹೆಸರು. ಅವನಿಗೆ ಅಲ್ಲಿ ಇಳಿದುಕೊಳ್ಳುವುದಕ್ಕೆ ಮನೆ ಇತ್ತು. ವಾರ್ಡಿನ ಕೀಲಿಕೈ ಇತ್ತು. 1988ರಲ್ಲಿ ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವ ಕಾರ್ಯಪಡೆಗೆ ಸರ್ಕಾರವೇ ಅವನನ್ನು ಸೇರಿಸಿತು. ಓದಿ ನೋಡಿ, ಡಿಸ್ಕ್ ಜಾಕಿಯೊಬ್ಬ ಅತಿ ಭದ್ರತೆಯ ಆಸ್ಪತ್ರೆಯ ಮೇಲ್ವಿಚಾರಣೆಗೆ!

ಅವನು ಸತ್ತಮೇಲೆ 2014ರಲ್ಲಿ ತನಿಖಾ ವರದಿ ಬಂತು. ಅಲ್ಲಿನ ರೋಗಿಗಳ ಮೇಲೂ ಅವನು ಲೈಂಗಿಕ ದೌರ್ಜನ್ಯ ಮಾಡಿದ್ದ ಅಂತ ಆಯಿತು. ಹೇಳಿಕೊಂಡರೆ ನಂಬುವವರು ಯಾರು? ಹೇಳುವವರಿಗೆ ಹುಚ್ಚು ಅಂತ ಹಣೆಪಟ್ಟಿ, ಮಾಡಿದವನು ದೇಶದ ಮನೆಮಾತು.

ಎಲ್ಲ ದಾನಿಗಳೂ ಹಾಗೆ ಅಂತ ನಾನು ಹೇಳುವುದಿಲ್ಲ. ಕೋಸ್ಲರ್ ಪ್ರಶಸ್ತಿ ಅಂತ ಒಂದಿದೆ, 1962ರಿಂದ ಕೈದಿಗಳ, ಇಂಥ ಆಸ್ಪತ್ರೆಯ ರೋಗಿಗಳ ಚಿತ್ರ, ಬರಹ ತಗೊಂಡು ಪ್ರದರ್ಶನ ಮಾಡುತ್ತದೆ. ಒಳ್ಳೆಯ ಕೆಲಸ. ಆದರೆ ಅದು ಹೊರಗಿನಿಂದ ಬಹುಮಾನ ಕೊಡುತ್ತದೆ, ಕೀಲಿ ಕೇಳುವುದಿಲ್ಲ. ಒಳಗೆ ದಿನನಿತ್ಯ ನಡೆಯಬೇಕಾದ್ದಕ್ಕೆ ಸಂಬಳದ ಜನ ಇರಬೇಕು. ಅವರಿಗೆ ಹಿನ್ನೆಲೆ ಪರೀಕ್ಷೆ, ಮೇಲಧಿಕಾರಿ, ರಿಜಿಸ್ಟರು ಎಲ್ಲ ಇರುತ್ತದೆ. ಸರ್ಕಾರದ ದುಡ್ಡಾದರೆ ಲೆಕ್ಕ ಕೇಳಬಹುದು. ಪುಕ್ಕಟೆ ಬಂದವನನ್ನು ಯಾರೂ ಕೇಳುವುದಿಲ್ಲ. ಅವನಿಗೆ ಚಹಾ ಕೊಟ್ಟು ಕೂರಿಸುತ್ತಾರೆ.

ಗ್ಲಾಸ್ಗೋ ಗೌಡ

ಇಷ್ಟು ಹೊತ್ತೂ ಮೈದಾನ ಅಂದರೆ ಒಳ್ಳೆಯದೇ ಅನ್ನುವ ಹಾಗೆ ಮಾತು ನಡೆಯುತ್ತಿದೆ. ನಮ್ಮ ಸ್ಕಾಟ್ಲೆಂಡ್ ಕಥೆಯನ್ನೂ ಕೇಳಿ.

ಇಲ್ಲಿನ ಬ್ರಾಡ್‌ಮೂರ್ ಅಂದರೆ ಕಾರ್‌ಸ್ಟೇರ್ಸ್‌ನ ಸ್ಟೇಟ್ ಹಾಸ್ಪಿಟಲ್. 1976ರ ನವೆಂಬರ್ 30ರ ಸಂಜೆ ಇಬ್ಬರು ರೋಗಿಗಳು ಅಲ್ಲಿಂದ ತಪ್ಪಿಸಿಕೊಂಡರು. ಒಬ್ಬ ನರ್ಸ್, ಒಬ್ಬ ರೋಗಿ, ಒಬ್ಬ ಪೊಲೀಸ್, ಮೂವರನ್ನು ಕೊಂದರು. ಒಳಗೆ ಹಲ್ಲೆ ನಡೆದದ್ದು ಮನರಂಜನೆಯ ಕಟ್ಟಡದಲ್ಲಿ. ನಾಟಕದ ಗುಂಪಿನ ಹೆಸರಲ್ಲಿ ಓಡಾಡುವ ಸ್ವಾತಂತ್ರ್ಯ ಇತ್ತು. ಕೊಡಲಿ, ಚಾಕು, ಹಗ್ಗದ ಏಣಿ, ಸುಳ್ಳು ಗುರುತಿನ ಚೀಟಿ ಎಲ್ಲವನ್ನೂ ಒಳಗೇ ತಿಂಗಳುಗಟ್ಟಲೆ ಹೊಂದಿಸಿಕೊಂಡಿದ್ದರು.

ಅದಕ್ಕೇ ನಾನು ಹೇಳುವುದು, ಇದಕ್ಕೆ ದುಡ್ಡು ಕೊಡುವುದಾದರೆ ಪೂರ್ತಿ ಕೊಡಿ. ಅರೆಬರೆ ದುಡ್ಡಲ್ಲಿ ಕಸುಬಿನ ಕೋಣೆ ನಡೆಸಿ, ಉಪಕರಣ ಎಣಿಸುವುದಕ್ಕೆ ಜನ ಇಲ್ಲ ಅಂದರೆ, ಅದಕ್ಕಿಂತ ಬೀಗ ಹಾಕುವುದೇ ವಾಸಿ.

ಹಳೇ ಕಡತ

ಗೌಡ್ರ ಮಾತಿಗೆ ಆಶ್‌ವರ್ತ್ ಸೇರಿಸುತ್ತೇನೆ. 1992ರಲ್ಲಿ ಬ್ಲೋಮ್-ಕೂಪರ್ ಸಮಿತಿ ಅಲ್ಲಿ ರೋಗಿಗಳನ್ನು ಕ್ರೂರವಾಗಿ ನಡೆಸಿಕೊಳ್ಳುತ್ತಾರೆ ಅಂತ ವರದಿ ಕೊಟ್ಟಿತು. ಎಲ್ಲವನ್ನೂ ಸಡಿಲ ಮಾಡಿದರು. 1999ರಲ್ಲಿ ಫ್ಯಾಲನ್ ಸಮಿತಿ ಬಂತು. ಈ ಸಲ ಒಂದು ಘಟಕದಲ್ಲಿ ಹೇಳುವವರು ಕೇಳುವವರು ಇಲ್ಲ, ಅಶ್ಲೀಲ ವಿಡಿಯೊ ಓಡಾಡುತ್ತವೆ, ಸಣ್ಣ ಮಗುವೊಂದನ್ನು ರೋಗಿಗಳ ಹತ್ತಿರ ಬಿಡುತ್ತಿದ್ದರು ಅಂತ ಗೊತ್ತಾಯಿತು. ಆಸ್ಪತ್ರೆಯನ್ನೇ ಮುಚ್ಚಿ ಅಂದಿತು ಸಮಿತಿ, ಸರ್ಕಾರ ಒಪ್ಪಲಿಲ್ಲ. 2000ದಲ್ಲಿ ಟಿಲ್ಟ್ ವರದಿ ಬಂದು ಮೂರೂ ಕಡೆ ಬೇಲಿ, ತಪಾಸಣೆ, ಕ್ಯಾಮೆರಾಗಳಿಗೆ ದುಡ್ಡು ಹರಿಯಿತು. ಆಗ ಮನೋವೈದ್ಯರೇ ಗೊಣಗಿದರು, ಬೇಲಿಗೆ ಕೊಟ್ಟಷ್ಟು ಚಿಕಿತ್ಸೆಗೆ ಕೊಡಲಿಲ್ಲ ಅಂತ.

ಏಳೇ ವರ್ಷದಲ್ಲಿ ಒಂದೇ ಆಸ್ಪತ್ರೆ ಆ ತುದಿಯಿಂದ ಈ ತುದಿಗೆ.

ಮಿಡ್‌ಲ್ಯಾಂಡ್ಸ್ ಅಮ್ಮ

ಎಲ್ಲರೂ ರೋಗಿಗಳ ಬಗ್ಗೆ, ಖರ್ಚಿನ ಬಗ್ಗೆ ಬರೆದಿರಿ. ಸತ್ತವರ ಮನೆಯವರ ಬಗ್ಗೆ ಒಬ್ಬರೂ ಬರೆಯಲಿಲ್ಲ.

2023ರ ಜೂನ್‌ನಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಮೂವರ ಕೊಲೆಯಾಯಿತು. ಇಬ್ಬರು ವಿದ್ಯಾರ್ಥಿಗಳು, ಒಬ್ಬರು ಶಾಲೆಯಲ್ಲಿ ಕೆಲಸ ಮಾಡುತ್ತಿದ್ದವರು. ನನ್ನ ಮಗಳದ್ದೂ ಅದೇ ವಯಸ್ಸು. ಆ ರಾತ್ರಿ ಅವಳಿಗೆ ಫೋನ್ ಮಾಡಿ ಸುಮ್ನೆ ಏನೇನೋ ಮಾತಾಡಿದೆ. ಕೊಂದವನಿಗೆ ಮುಂದಿನ ಜನವರಿಯಲ್ಲಿ ಕೋರ್ಟು ಜೈಲು ಕೊಡಲಿಲ್ಲ, ಆಸ್ಪತ್ರೆಗೆ ಕಳಿಸಿತು. ಮಕ್ಕಳನ್ನು ಕಳೆದುಕೊಂಡ ಅಪ್ಪ ಅಮ್ಮ ಹೊರಗೆ ನಿಂತು ಮಾತಾಡಿದ್ದನ್ನು ನೋಡಿದವರು ಯಾರೂ ಮರೆಯುವುದಿಲ್ಲ.

ನರ್ಸಮ್ಮ ಹೇಳಿದ್ದು ನನಗೆ ಅರ್ಥ ಆಗುತ್ತದೆ. ಅವನು ಶಿಕ್ಷೆ ಅನುಭವಿಸುತ್ತಿಲ್ಲ, ಚಿಕಿತ್ಸೆಯಲ್ಲಿದ್ದಾನೆ. ಆ ಮನೆಯವರಿಗೆ ನುಂಗಲಾಗದ್ದು ಅದೇ ಅಲ್ವಾ? ಅವರಿಗೆ ಸಿಗುವುದು ಒಬ್ಬ ಸಂಪರ್ಕ ಅಧಿಕಾರಿ. ಬಿಡುಗಡೆ, ಷರತ್ತುಗಳ ಸುದ್ದಿ ತಿಳಿಸುವುದಕ್ಕೆ. ಒಳಗೆ ಅವನು ಶಟಲ್ ಆಡುತ್ತಾನೆ ಅಂತ ಪತ್ರಿಕೆಯಲ್ಲಿ ಓದಿದರೆ ಅವರ ಹೊಟ್ಟೆಗೆ ಬೆಂಕಿ ಬೀಳುತ್ತದೆ. ಅದಕ್ಕೆ ನಿಮ್ಮ ಲೆಕ್ಕದಲ್ಲಿ ಜಾಗ ಇದೆಯಾ?

ರಾತ್ರಿಪಾಳಿ ನರ್ಸಮ್ಮ

ಇಲ್ಲ ಅಮ್ಮ. ನನ್ನ ಲೆಕ್ಕದಲ್ಲಿ ಅದಕ್ಕೆ ಜಾಗ ಇಲ್ಲ. ಅವರ ಸಿಟ್ಟಿಗೆ ನಾನು ಉತ್ತರ ಕೊಡುವುದಕ್ಕೂ ಹೋಗುವುದಿಲ್ಲ.

ನಾಟಿಂಗ್‌ಹ್ಯಾಮ್ ವಿಷಯದಲ್ಲಿ ಒಂದು ಮಾತ್ರ. ಆ ಮನುಷ್ಯ ಅದಕ್ಕೂ ಮೊದಲೇ ಮಾನಸಿಕ ಆರೋಗ್ಯ ಸೇವೆಯ ಕೈಯಲ್ಲಿದ್ದವನು. ಆಸ್ಪತ್ರೆ ಸೇರಿ ಬಿಡುಗಡೆಯಾಗಿದ್ದವನು. ಅವನ ಆರೈಕೆಯಲ್ಲಿ ಏನೇನು ತಪ್ಪಿತು ಅಂತ ಆಸ್ಪತ್ರೆಗಳ ತಪಾಸಣೆ ಮಾಡುವ ಸಂಸ್ಥೆ ಸಿಕ್ಯೂಸಿ 2024ರಲ್ಲಿ ಬಿಡಿಸಿ ಬರೆಯಿತು. ಊರಿನೊಳಗೆ ಹೋಗಿ ಮನೆಬಾಗಿಲು ತಟ್ಟುವ ತಂಡಗಳಿಗೆ ಜನ ಇರಬೇಕು. ಅಲ್ಲಿ ಉಳಿಸಿದ ದುಡ್ಡಿಗೆ ಆಮೇಲೆ ಎಲ್ಲರೂ ಬೆಲೆ ಕಟ್ಟುತ್ತಾರೆ.

ಪೇಸ್ಲಿಪ್ ನೋಡಿ ಅಳುವವ

ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಹಾಗಿದ್ದರೆ 25 ಕೋಟಿಯನ್ನು ಅಲ್ಲಿಗೇ ಕೊಡಬಹುದಿತ್ತಲ್ಲ?

ಕಟ್ಟಡದವ

ನಾನು ಆಸ್ಪತ್ರೆ ಕಟ್ಟಡಗಳ ಕೆಲಸದಲ್ಲಿ ಇರುವವನು. ಎರಡು ವಿಷಯ ಬೇರೆ ಬೇರೆ ಮಾಡಿ ನೋಡಬೇಕು.

25 ಕೋಟಿ ಹೋದದ್ದು ಜಿಮ್ಮಿಗಲ್ಲ. ಹಳೇ ವಿಕ್ಟೋರಿಯನ್ ಕಟ್ಟಡಗಳು ಈ ಕೆಲಸಕ್ಕೆ ಲಾಯಕ್ಕಲ್ಲ ಅಂತ 2003ರಲ್ಲೇ ಸರ್ಕಾರಿ ತಪಾಸಣೆ ಹೇಳಿತ್ತು. ಮೂಲೆ ಮೂಲೆಗಳಲ್ಲಿ ಕಣ್ಣಿಗೆ ಬೀಳದ ಜಾಗಗಳು, ನೇಣು ಹಾಕಿಕೊಳ್ಳುವುದಕ್ಕೆ ಆಸರೆಯಾಗುವ ಕಂಬಿ, ಕೊಳವೆಗಳು. ಅಂಥದ್ದನ್ನು ತೆಗೆದು ಕಟ್ಟುವುದೇ ದೊಡ್ಡ ಖರ್ಚು. ವಿಶೇಷ ಬಾಗಿಲು, ಒಡೆಯದ ಗಾಜು, ಒಳಗಿನ ಬೇಲಿ. ಇದರ ಮುಂದೆ ವ್ಯಾಯಾಮದ ಹಾಲ್ ಅಂದರೆ ನಾಲ್ಕು ಗೋಡೆ, ಒಂದು ಎತ್ತರದ ಸೂರು.

ನಿಜವಾದ ಖರ್ಚು ಆ ಹಾಲಿನ ಬಾಗಿಲು ತೆಗೆಯುವುದರಲ್ಲಿ ಇದೆ. ರೋಗಿಯನ್ನು ವಾರ್ಡಿನಿಂದ ಕರೆತರಬೇಕು, ಎಣಿಸಬೇಕು, ತಪಾಸಣೆ ಮಾಡಬೇಕು. ಅಲ್ಲಿ ನಿಲ್ಲುವುದಕ್ಕೆ ತರಬೇತಿಯಾದ ಜನ ಬೇಕು, ವಾಪಸ್ ಕರೆದೊಯ್ಯಬೇಕು. ಒಬ್ಬ ನರ್ಸ್ ರಜೆ ಹಾಕಿದರೆ ಮೊದಲು ಕ್ಯಾನ್ಸಲ್ ಆಗುವುದು ಜಿಮ್. ಯಾಕೆಂದರೆ ಊಟ, ಮಾತ್ರೆ ನಿಲ್ಲಿಸುವ ಹಾಗಿಲ್ಲ. ನಾನು ನೋಡಿದ ಒಂದು ಕಡೆ (ಯಾವುದು ಅಂತ ಬೇಡ) ಚೆಂದದ ಕೋರ್ಟಿನಲ್ಲಿ ಹಳೇ ಮಂಚಗಳನ್ನು ಜೋಡಿಸಿಟ್ಟಿದ್ದರು.

ಇದಕ್ಕೆ ಅತಿ ಭದ್ರತೆಯ ಆಸ್ಪತ್ರೆಗಳು ಮಾಡಿದ ಒಂದು ಉಪಾಯ ಇಲ್ಲಿ ಯಾರಿಗೂ ಹೊಳೆದಿಲ್ಲ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ರಾತ್ರಿ ಹೊತ್ತು ರೋಗಿಗಳನ್ನು ಕೋಣೆಯೊಳಗೆ ಹಾಕಿ ಬೀಗ ಹಾಕುವ ಪದ್ಧತಿ ಬಂತು. ರಾತ್ರಿ ಕಡಿಮೆ ಜನ ಸಾಕು, ಉಳಿದವರನ್ನು ಹಗಲಿನ ಚಟುವಟಿಕೆಗೆ ಹಾಕುತ್ತೇವೆ ಅನ್ನುವ ವಾದ. ರಾತ್ರಿಯ ಸ್ವಾತಂತ್ರ್ಯ ಕೊಟ್ಟು ಹಗಲಿನ ಆಟ ತಗೊಂಡ ಹಾಗೆ. ರೋಗಿಗಳ ಕಡೆಯಿಂದ ನೋಡಿದರೆ ಈ ಮನರಂಜನೆಗೆ ಅವರೂ ಒಂದು ಬೆಲೆ ತೆತ್ತಿದ್ದಾರೆ. ಹಗಲಿನ ಆ ಆಟ ಸಿಕ್ಕಿತಾ ಅನ್ನುವುದೇ ಪ್ರಶ್ನೆ. 2024ರಲ್ಲಿ ಸಿಕ್ಯೂಸಿ ರಾಂಪ್ಟನ್‌ಗೆ ಅತಿ ಕೆಳಗಿನ ದರ್ಜೆ ಕೊಟ್ಟಿತು. ಸಿಬ್ಬಂದಿ ಸಾಲದೆ ರೋಗಿಗಳು ಕೋಣೆಯಲ್ಲೇ ಉಳಿಯಬೇಕಾಗುತ್ತದೆ ಅನ್ನುವುದು ದೂರುಗಳಲ್ಲಿ ಒಂದು.

ರಾತ್ರಿಪಾಳಿ ನರ್ಸಮ್ಮ

ಇದು ಸರಿಯಾದ ಮಾತು. ಭದ್ರತೆಯ ವಾರ್ಡಿನಲ್ಲಿ ಪ್ರತಿ ರೋಗಿಗೂ ವಾರಕ್ಕೆ 25 ಗಂಟೆ ಚಟುವಟಿಕೆ ಕೊಡಬೇಕು ಅಂತ ನಮಗೆ ಒಂದು ಅಳತೆಗೋಲಿದೆ. ಕೊಟ್ಟದ್ದೆಷ್ಟು, ಅವನು ಬಂದದ್ದೆಷ್ಟು ಅಂತ ಕಂಪ್ಯೂಟರಿಗೆ ತುಂಬುತ್ತೇವೆ. ಇಲ್ಲೊಂದು ಕಿತಾಪತಿ ಇದೆ. 'ಕೊಟ್ಟೆವು, ಅವನೇ ಬರಲಿಲ್ಲ' ಅಂತ ಬರೆದರೂ ಕೊಟ್ಟ ಲೆಕ್ಕಕ್ಕೆ ಸೇರುತ್ತದೆ. ಬೆಳಿಗ್ಗೆ ಮಾತ್ರೆಯ ಮಂಪರಿನಲ್ಲಿ ಇರುವವನನ್ನು 9 ಗಂಟೆಗೆ ಕರೆದರೆ ಯಾರು ಬರುತ್ತಾರೆ? ಮೂರು ಗಂಟೆಗೆ ಕರೆಯಿರಿ, ಬರುತ್ತಾನೆ. ಆದರೆ ಆಗ ಹ್ಯಾಂಡೋವರ್, ಪಾಳಿ ಬದಲಾಗುವ ಹೊತ್ತು.

ಧಾರವಾಡದ ಕಡೆಯವ

ಎಲ್ಲಾ ಓದಿದೆ ರೀ. ಭಾಳ ಛಲೋ ಚರ್ಚೆ. ನಮ್ಮ ಕಡೆಗೂ ಒಂದು ಕೊಂಡಿ ಇದೆ, ಅದನ್ನು ಹೇಳಿ ಹೋಗುತ್ತೇನೆ.

ಡ್ಯಾನಿಯಲ್ ಮ್ಯಾಕ್‌ನಾಟನ್ ಅನ್ನುವವನು 1843ರಲ್ಲಿ ಪ್ರಧಾನಿಯ ಕಾರ್ಯದರ್ಶಿಯನ್ನು ಕೊಂದ. ಆ ಪ್ರಕರಣದಿಂದ ಬಂದ ನಿಯಮವೇ ನಮ್ಮ ದಂಡ ಸಂಹಿತೆಯ 84ನೇ ಕಲಂ ಆಯಿತು, ಈಗ ಭಾರತೀಯ ನ್ಯಾಯ ಸಂಹಿತೆಯ 22. ಆ ಮ್ಯಾಕ್‌ನಾಟನ್‌ನನ್ನು 1864ರಲ್ಲಿ ಸಾಗಿಸಿದ್ದು ನಿಮ್ಮ ಬ್ರಾಡ್‌ಮೂರ್‌ಗೇ. ಮಾರನೇ ವರ್ಷ ತೀರಿಕೊಂಡ. ಧಾರವಾಡದ ಸೆಷನ್ಸ್ ಕೋರ್ಟಿನಲ್ಲಿ ಇವತ್ತು ವಕೀಲರು 'ನನ್ನ ಕಕ್ಷಿದಾರನಿಗೆ ಮತಿಭ್ರಮಣೆ' ಅಂತ ವಾದಿಸಿದರೆ ಮಾತು ಅಲ್ಲಿಂದಲೇ ಬಂದದ್ದು.

ಕಾನೂನು ಬಂತು, ಅದರ ಹಿಂದಿನ ಆಸ್ಪತ್ರೆ ಬರಲಿಲ್ಲ. ನಿಮ್ಹಾನ್ಸ್‌ನಲ್ಲಿ, ನಮ್ಮ ಡಿಮ್ಹಾನ್ಸ್‌ನಲ್ಲಿ ಒಳ್ಳೆಯ ಡಾಕ್ಟರುಗಳು ಇದ್ದಾರೆ. ನಿಮ್ಹಾನ್ಸ್‌ನಲ್ಲಿ ರೋಗಿಗಳೇ ಕೆಲಸ ಮಾಡುವ ಬೇಕರಿ ಇದೆ, ಬ್ರೆಡ್ ಚೆನ್ನಾಗಿರುತ್ತದೆ. ಆದರೆ ಬ್ರಾಡ್‌ಮೂರ್ ಥರದ್ದು ನಮ್ಮಲ್ಲಿಲ್ಲ. ವಿಚಾರಣೆ ಎದುರಿಸುವ ಸ್ಥಿತಿಯಲ್ಲಿ ಇಲ್ಲದವನು ಜೈಲಿಗೂ ಆಸ್ಪತ್ರೆಗೂ ನಡುವೆ ಸಿಕ್ಕಿಬೀಳುತ್ತಾನೆ. ಅಸ್ಸಾಂನ ಮಚಾಂಗ್ ಲಾಲುಂಗ್ ಪ್ರಕರಣ ನೆನಪಿದೆಯೇ? 1951ರಲ್ಲಿ ಹಿಡಿದರು, ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು, 1967ರಲ್ಲಿ ಇವನು ಸರಿ ಇದ್ದಾನೆ ಅಂತ ಡಾಕ್ಟರು ಬರೆದುಕೊಟ್ಟರು. ಆಮೇಲೆ ಜೈಲು. ಹೊರಗೆ ಬಂದದ್ದು 2005ರಲ್ಲಿ. ವಿಚಾರಣೆಯೇ ಇಲ್ಲದೆ 54 ವರ್ಷ. ಎರಡು ವರ್ಷಕ್ಕೆ ತೀರಿಕೊಂಡ.

ಈಗ ನಮ್ಮಲ್ಲೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದೆ. ಅದರ 20ನೇ ಕಲಮಿನಲ್ಲಿ ಬಿಡುವು, ಮನರಂಜನೆ, ಶಿಕ್ಷಣ, ಧಾರ್ಮಿಕ ಆಚರಣೆ ಇವಕ್ಕೆಲ್ಲ ತಕ್ಕಮಟ್ಟಿನ ಸೌಕರ್ಯ ರೋಗಿಯ ಹಕ್ಕು ಅಂತ ಬರೆದಿದೆ. ಬಲವಂತದಿಂದ ತಲೆ ಬೋಳಿಸಬಾರದು ಅಂತಲೂ ಅದೇ ಕಲಂ ಹೇಳುತ್ತದೆ. ಯಾವ ಯಾವುದನ್ನು ಕಾನೂನು ಮಾಡಿ ಹೇಳಬೇಕಾಯಿತು ನೋಡಿ. 103ನೇ ಕಲಮಿನ ಪ್ರಕಾರ ಪ್ರತಿ ರಾಜ್ಯವೂ ಕಡೇಪಕ್ಷ ಒಂದು ಜೈಲಿನಲ್ಲಾದರೂ ಇಂಥ ಚಿಕಿತ್ಸಾ ಘಟಕ ಮಾಡಬೇಕು. ಕಾಗದದ ಮೇಲೆ ನಾವು ಯಾರಿಗೂ ಕಡಿಮೆ ಇಲ್ಲ.

ಪೇಸ್ಲಿಪ್ ನೋಡಿ ಅಳುವವ

54 ವರ್ಷ! ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ನನ್ನ ನಿಲುವು ಪೂರ್ತಿ ಬದಲಾಗಿಲ್ಲ. ಅತ್ತೆಯವರ ಮಂಡಿ ಇನ್ನೂ ಹಾಗೇ ಇದೆ. ಆದರೆ ನನ್ನ ಸಿಟ್ಟು ಈಗ ಬೇರೆ ಕಡೆಗೆ ತಿರುಗಿದೆ. ಜಿಮ್ ಕಟ್ಟಿದ್ದಕ್ಕೆ ಸಿಟ್ಟಿಲ್ಲ. ಕಟ್ಟಿ ಬೀಗ ಹಾಕಿದ್ದರೆ, ಆ ದುಡ್ಡಿಗೆ ಯಾರು ಜವಾಬ್ದಾರಿ? ಇದನ್ನು ಯಾರನ್ನು ಕೇಳಬೇಕು?

ಬ್ರಾಕ್ನೆಲ್‌ವಾಸಿ

ಬ್ರಾಡ್‌ಮೂರ್ ನಡೆಸುವುದು ವೆಸ್ಟ್ ಲಂಡನ್ ಎನ್‌ಎಚ್‌ಎಸ್ ಟ್ರಸ್ಟ್. ಮಾಹಿತಿ ಹಕ್ಕಿನ ಅರ್ಜಿ ಯಾರು ಬೇಕಾದರೂ ಹಾಕಬಹುದು, ಶುಲ್ಕ ಇಲ್ಲ, 20 ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು. ನಾನು ಹಾಕುತ್ತೇನೆ. ಹೀಗೆ ಬರೆದಿದ್ದೇನೆ, ತಿದ್ದಿ:

'ಕಳೆದ 12 ತಿಂಗಳಲ್ಲಿ ಜಿಮ್, ಕ್ರೀಡೆ, ತೋಟ ಮತ್ತು ಕಲೆಯ ಎಷ್ಟು ಅವಧಿಗಳನ್ನು ನಿಗದಿ ಮಾಡಲಾಗಿತ್ತು? ಎಷ್ಟು ನಡೆದವು? ಸಿಬ್ಬಂದಿ ಕೊರತೆಯಿಂದ ಎಷ್ಟು ರದ್ದಾದವು?'

ರಾತ್ರಿಪಾಳಿ ನರ್ಸಮ್ಮ

ವಾರದ ದಿನ, ಶನಿವಾರ, ಭಾನುವಾರ ಬೇರೆ ಬೇರೆ ಕೇಳಿ. ಒಟ್ಟು ಸೇರಿಸಿ ಕೊಟ್ಟರೆ ಭಾನುವಾರ ಮುಚ್ಚಿಹೋಗುತ್ತದೆ. 'ಕೊಟ್ಟ ಗಂಟೆ', 'ಬಂದ ಗಂಟೆ' ಎರಡನ್ನೂ ಕೇಳಿ.

ಕಟ್ಟಡದವ

ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು ಅಂತಲೂ ಸೇರಿಸಿ. ಜಿಮ್ ಬೋಧಕರು, ಓ.ಟಿ.ಗಳು (ಆಕ್ಯುಪೇಷನಲ್ ಥೆರಪಿಸ್ಟ್‌ಗಳು) ಬೇರೆ, ನರ್ಸ್‌ಗಳು ಬೇರೆ.

ಗ್ಲಾಸ್ಗೋ ಗೌಡ

ಉಪಕರಣ ಎಣಿಕೆ ಬಗ್ಗೆ ಕೇಳಬೇಡಿ. ಭದ್ರತೆ ಅಂತ ಹೇಳಿ ಇಡೀ ಅರ್ಜಿಯನ್ನೇ ವಾಪಸ್ ಕಳಿಸುತ್ತಾರೆ.

ಮಿಡ್‌ಲ್ಯಾಂಡ್ಸ್ ಅಮ್ಮ

ಸಾಧ್ಯವಾದರೆ ರಾಂಪ್ಟನ್‌ಗೂ ಒಂದು ಹಾಕಿ. ಅದು ನಾಟಿಂಗ್‌ಹ್ಯಾಮ್‌ಷೈರ್ ಟ್ರಸ್ಟ್, ನಾನು ನನ್ನ ಹೆಸರಿನಲ್ಲೇ ಹಾಕುತ್ತೇನೆ. ಅದರಲ್ಲಿ ಊರೊಳಗೆ ಹೋಗುವ ತಂಡಗಳಲ್ಲಿ ಎಷ್ಟು ಹುದ್ದೆ ಖಾಲಿ ಅಂತಲೂ ಕೇಳುತ್ತೇನೆ.

ಬ್ರಾಕ್ನೆಲ್‌ವಾಸಿ

ಎಲ್ಲ ಸೇರಿಸಿದ್ದೇನೆ. ಇವತ್ತು ರಾತ್ರಿ ಕಳಿಸುತ್ತೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ. ಪೇಸ್ಲಿಪ್ಪಿನವರೇ, ಅತ್ತೆಯವರ ಆಸ್ಪತ್ರೆಗೂ ಇದೇ ಥರ ಒಂದು ಅರ್ಜಿ ಬರೆಯೋಣ್ವಾ? ವಿವರ ಖಾಸಗಿಯಾಗಿ ಕಳಿಸಿ.